ಪಾಟೀಸವಾಲಿಲ್ಲದ ಸಾಕ್ಷ್ಯ

ಇಂಗ್ಲಿಷಿನವರು ‘ಡಾಕ್ಯುಮೆಂಟರಿ’ ಎಂದು ಕರೆಯುವ ಚಲನಚಿತ್ರಕ್ಕೆ ನಮ್ಮವರು ‘ಸಾಕ್ಷ್ಯಚಿತ್ರ’ವೆಂದು ಹೆಸರಿಟ್ಟಿದ್ದಾರೆ. ಹೆಸರಿಟ್ಟವರು ತಾವು ತಿಳಿದುದಕ್ಕಿಂತ ದೊಡ್ಡ ಮಾತನ್ನೇ ಆಡಿದ್ದಾರೆ. ಸಾಕ್ಷ್ಯವೆಂದಮೇಲೆ ಅದಕ್ಕೊಂದು ಧರ್ಮವುಂಟು. ನ್ಯಾಯಸ್ಥಾನದ ಕಟಕಟೆಯನ್ನೇರಿದವನು ತಾನು ಕಂಡದ್ದನ್ನು ಹೇಳಿ ಸುಮ್ಮನೆ ಇಳಿದುಹೋಗುವಂತಿಲ್ಲ. ಎಲ್ಲಿ ನಿಂತು ಕಂಡೆ, ಎಷ್ಟು ದೂರದಿಂದ ಕಂಡೆ, ಅದಕ್ಕೆ ಮುಂಚೆ ಏನು ನಡೆದಿತ್ತು, ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ಯಾರು ಎಂದು ಎದುರುಪಕ್ಷದ ವಕೀಲರು ಪಾಟೀಸವಾಲು ಹಾಕುತ್ತಾರೆ. ಆ ಸವಾಲುಗಳ ಮುಂದೆ ನಿಂತ ಮಾತು ಮಾತ್ರವೇ ಲೆಕ್ಕಕ್ಕೆ ಬರುತ್ತದೆ. ಆದರೆ ಸಾಕ್ಷ್ಯಚಿತ್ರಗಳಲ್ಲಿ ಒಂದು ಪಂಗಡವಿದೆ. ಅದಕ್ಕೆ ಕಟಕಟೆಯ ಕಷ್ಟವು ತಟ್ಟದಂತೆ ಪ್ರೇಕ್ಷಕರೂ ವಿಮರ್ಶಕರೂ ಕೂಡಿಯೇ ಕಾಪಾಡಿಕೊಂಡು ಬಂದಿದ್ದಾರೆ. ಲೋಕದ ಬಳಕೆಯನ್ನು ತೊರೆದು, ಬಾಗಿಲಿಕ್ಕಿಕೊಂಡು, ತಮ್ಮದೇ ಒಂದು ವಿಚಿತ್ರವಾದ ರೀತಿಯಲ್ಲಿ ಬಾಳುವ ಕುಟುಂಬಗಳೊಳಕ್ಕೆ ಕ್ಯಾಮರಾ ಹಿಡಿದು ಹೋಗಿ, ಅವರ ದಿನಚರಿಯನ್ನು ತಂದು ನಮಗೆ ತೋರಿಸುವ ಚಿತ್ರಗಳ ಪಂಗಡವದು. ಈ ಲೇಖನವು ಅವುಗಳ ಮೇಲೆ ಒಂದು ತಕರಾರು.

ಈ ಪಂಗಡಕ್ಕೆ ಕುಲದೇವತೆಯೆನ್ನಬಹುದಾದ ಚಿತ್ರವು ಅಮೆರಿಕದ ‘ಗ್ರೇ ಗಾರ್ಡನ್ಸ್’. 1975ರಲ್ಲಿ ನ್ಯೂಯಾರ್ಕಿನ ಚಲನಚಿತ್ರೋತ್ಸವದಲ್ಲಿ ಮೊದಲು ಕಾಣಿಸಿಕೊಂಡ ಇದನ್ನು ಆಲ್ಬರ್ಟ್ ಮೇಸಲ್ಸ್, ಡೇವಿಡ್ ಮೇಸಲ್ಸ್ ಎಂಬ ಸೋದರರು, ಸಂಕಲನಕಾರ್ತಿಯರಾದ ಎಲೆನ್ ಹೋವ್ಡ್, ಮಫಿ ಮೇಯರ್ ಇವರೊಡಗೂಡಿ ತಯಾರಿಸಿದರು. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಕ್ಕೆ ಇದು ಸೇರಿತು. 2014ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯು ಜಗತ್ತಿನ ಅತ್ಯುತ್ತಮ ಸಾಕ್ಷ್ಯಚಿತ್ರಗಳಾವುವೆಂದು ಬಲ್ಲವರ ಮತವನ್ನು ಕೇಳಿದಾಗ ಇದು ಇನ್ನೊಂದು ಚಿತ್ರದೊಡನೆ ಒಂಬತ್ತನೆಯ ಸ್ಥಾನವನ್ನು ಹಂಚಿಕೊಂಡಿತು. ಈ ಕಾಲದಲ್ಲಿ ಇಂಥ ಚಿತ್ರಗಳನ್ನು ನೋಡಲು ಯಾವ ಮಹಾನಗರಕ್ಕೂ ಹೋಗಬೇಕಾದುದಿಲ್ಲ. ನಮ್ಮ ಜಿಲ್ಲೆಯ ಮನೆಗಳಲ್ಲಿಯೇ ಅವುಗಳನ್ನು ನೋಡುತ್ತಾರೆ. ಚಿತ್ರವಿದ್ಯೆಯನ್ನು ಕಲಿಯಹೊರಟ ನಮ್ಮ ತರುಣರಿಗೆ ಅವು ಮೇಲ್ಪಂಕ್ತಿಯಾಗಿವೆ. ಮೇಲ್ಪಂಕ್ತಿಯಾದುದರಿಂದಲೇ ಅದನ್ನು ಪರೀಕ್ಷಿಸುವ ಹಕ್ಕು ನಮಗೂ ಬರುತ್ತದೆ.

ಚಿತ್ರವನ್ನು ನೋಡದಿರುವ ವಾಚಕರಿಗಾಗಿ ಅದರಲ್ಲಿರುವುದನ್ನು ಕೊಂಚ ಹೇಳಬೇಕು. ನ್ಯೂಯಾರ್ಕ್ ಸಂಸ್ಥಾನದ ಲಾಂಗ್ ಐಲೆಂಡ್ ದ್ವೀಪದಲ್ಲಿ, ಕಡಲ ಕರೆಯಲ್ಲಿ, ಈಸ್ಟ್ ಹ್ಯಾಂಪ್ಟನ್ ಎಂಬ ಊರು. ಕುಬೇರರು ಬೇಸಗೆಯನ್ನು ಕಳೆಯತಕ್ಕ ಊರು. ಅಲ್ಲಿ 1897ರಲ್ಲಿ ಕಟ್ಟಿದ ಒಂದು ಹಿರಿಮನೆ. ಅದರ ಹೆಸರೇ ಚಿತ್ರದ ಹೆಸರು. ಒಳಗೆ ತಾಯಿ ಮಗಳು ಇಬ್ಬರೇ. ತಾಯಿ ಎಡಿತ್ ಬೀಲ್, ಮಗಳೂ ಎಡಿತ್ ಬೀಲ್. ಹಿರಿಯ ಈಡಿ, ಕಿರಿಯ ಈಡಿ ಎಂದು ಅವರನ್ನು ಗುರುತಿಸುತ್ತಾರೆ. ತಾಯಿಗೆ ಎಂಬತ್ತರ ಹತ್ತಿರ, ಮಗಳಿಗೆ ಐವತ್ತೈದರ ಮೇಲೆ. ಹಲವು ಕೋಣೆಗಳ ಆ ಮನೆಯಲ್ಲಿ ಅವರು ಬಳಸುವುದು ಒಂದೆರಡನ್ನು ಮಾತ್ರ. ತಾಯಿಯು ಮಂಚದ ಮೇಲೆ ಕುಳಿತು, ಪಕ್ಕದಲ್ಲಿಯೇ ಇಟ್ಟುಕೊಂಡ ಒಲೆಯಲ್ಲಿ ಮೆಕ್ಕೆಜೋಳದ ತೆನೆಗಳನ್ನು ಬೇಯಿಸಿ, ಸಣ್ಣಪುಟ್ಟ ಕೆಲಸಕ್ಕೆಂದು ಬರುವ ಹುಡುಗನಿಗೆ ಕೊಡುತ್ತಾಳೆ. ತಾನು ಹರೆಯದಲ್ಲಿ ಹಾಡಿದ ಹಾಡಿನ ತಟ್ಟೆಯನ್ನು ಹಾಕಿಸಿ, ಅದರ ಜೊತೆಗೆ ಈಗಿನ ಒಡಕು ದನಿಯಿಂದ ಹಾಡುತ್ತಾಳೆ. ಗೋಡೆಗೆ ಒರಗಿಸಿಟ್ಟ ಅವಳ ಯೌವನದ ಚಿತ್ರಪಟದ ಹಿಂದೆ ಬೆಕ್ಕು ಮಲವಿಸರ್ಜನೆ ಮಾಡುತ್ತದೆ. ಅಟ್ಟದಲ್ಲಿ ರಕೂನ್ ಎಂಬ ಕಾಡುಪ್ರಾಣಿಗಳು ಸಂಸಾರ ಹೂಡಿವೆ. ಮಗಳು ಅವುಗಳಿಗೆ ರೊಟ್ಟಿಯ ಚೂರುಗಳನ್ನು ಸುರಿದುಬರುತ್ತಾಳೆ. ತಲೆಗೆ ಬಿಗಿಯಾಗಿ ವಸ್ತ್ರವನ್ನು ಸುತ್ತಿ, ಅದಕ್ಕೊಂದು ಪದಕವನ್ನು ಸಿಕ್ಕಿಸಿಕೊಂಡು, ತಾನು ಈ ದಿನ ಹೀಗೆ ಉಡುಪು ಧರಿಸಿದುದೇಕೆ, ಮೇಲಿನ ಲಂಗವನ್ನು ಬಿಚ್ಚಿ ಹೊದೆದುಕೊಳ್ಳುವ ಅನುಕೂಲವೇನು, ಎಂದು ಕ್ಯಾಮರಾದ ಮುಂದೆ ವ್ಯಾಖ್ಯಾನ ಮಾಡುತ್ತಾಳೆ. ಕೈಯಲ್ಲಿ ಚಿಕ್ಕ ಧ್ವಜವನ್ನು ಹಿಡಿದು ದಂಡಿನ ನಡಗೆಯ ಹಾಡಿಗೆ ಕುಣಿಯುತ್ತಾಳೆ. ಮಿಕ್ಕ ಹೊತ್ತೆಲ್ಲಾ ಇಬ್ಬರಿಗೂ ಜಗಳ. ನಿನ್ನಿಂದ ನನ್ನ ಬಾಳು ಹಾಳಾಯಿತೆಂದು ಮಗಳು. ನಿನ್ನನ್ನು ಹಿಡಿದುಕೊಂಡವರಾರೆಂದು ತಾಯಿ.

ಈ ತಾಯಿಯು ಅಮೆರಿಕದ ಅಧ್ಯಕ್ಷನ ಪತ್ನಿಯಾಗಿದ್ದ ಜಾಕೆಲಿನ್ ಕೆನೆಡಿಗೆ ಸಾಕ್ಷಾತ್ ಸೋದರತ್ತೆ. ಈ ಸಂಬಂಧವಿಲ್ಲದಿದ್ದರೆ ಯಾವ ಕ್ಯಾಮರಾವೂ ಆ ಬಾಗಿಲಿಗೆ ಬರುತ್ತಿರಲಿಲ್ಲವೆಂಬುದು ನಿರ್ವಿವಾದ.

ಚಿತ್ರವು ಹೊರಬಂದಾಗ ಅದರ ಮೇಲೆ ಒಂದು ಆಕ್ಷೇಪಣೆಯು ಎದ್ದಿತು. 1976ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ವಾಲ್ಟರ್ ಗುಡ್‌ಮನ್ ಎಂಬವರು, ಇದು ಸತ್ಯದರ್ಶನವೋ ಜಾತ್ರೆಯಲ್ಲಿ ಡೇರೆ ಹಾಕಿ ತೋರಿಸುವ ವಿಚಿತ್ರ ಪ್ರದರ್ಶನವೋ ಎಂದು ಕೇಳಿದರು. ಮುದಿ ಹೆಂಗಸರ ಜೋತ ಮೈಯನ್ನು, ಅವರ ಮನೆಯ ಕೊಳಕನ್ನು, ತೋರಿಸಬಹುದೆ ಎಂಬುದು ಅವರ ಕೋಪದ ತಿರುಳು. ಈ ಆಕ್ಷೇಪಣೆಯಲ್ಲಿ ನಾವು ಪಾಲುಗೊಳ್ಳಲಾರೆವು. ಮುಪ್ಪಿನ ಮೈಯಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಕಣ್ಣಿಗೆ ಹಿತವಲ್ಲದುದೆಲ್ಲಾ ಮರೆಯಲ್ಲಿರತಕ್ಕದ್ದೆಂದರೆ ಆಸ್ಪತ್ರೆಗಳ ಬಾಗಿಲುಗಳನ್ನೆಲ್ಲಾ ಮುಚ್ಚಬೇಕಾದೀತು. ಇಂಥ ಮಾತಿನಲ್ಲಿ ಆ ಹೆಂಗಸರ ಮೇಲಿನ ಮರುಕಕ್ಕಿಂತ ಆಡುವವರ ಅಸಹ್ಯವೇ ಹೆಚ್ಚಾಗಿದೆ.

ಅದಕ್ಕೆ ಚಿತ್ರದ ಪಕ್ಷಪಾತಿಗಳು ಕೊಟ್ಟ ಉತ್ತರವಾದರೋ ಒಂದೇ: ಅವರು ಒಪ್ಪಿದ್ದರು. ನಿಜ, ಒಪ್ಪಿದ್ದರು. ಚಿತ್ರವು ಮುಗಿದ ಬಳಿಕ ಅದನ್ನು ಮೊದಲು ಅವರಿಗೇ ತೋರಿಸಲಾಯಿತು. ಮಗಳು ಅದನ್ನು ಬಹಳವಾಗಿ ಮೆಚ್ಚಿಕೊಂಡಳು. 1977ರಲ್ಲಿ ತಾಯಿ ತೀರಿಕೊಳ್ಳುವ ಮುಂಚೆ, ಹೇಳುವುದೇನಾದರೂ ಉಳಿದಿದೆಯೆ ಎಂದು ಕೇಳಿದುದಕ್ಕೆ, ಎಲ್ಲವೂ ಚಿತ್ರದಲ್ಲಿದೆಯೆಂದು ಅವಳು ಉತ್ತರವಿತ್ತಳೆಂಬ ಮಾತು ಆಲ್ಬರ್ಟ್ ಮೇಸಲ್ಸರ ಮೂಲಕ ಪ್ರಸಿದ್ಧವಾಗಿದೆ. ಇವೆಲ್ಲವನ್ನೂ ನಾವು ಒಪ್ಪುತ್ತೇವೆ. ಆದರೆ ಒಪ್ಪಿಗೆಯೆಂಬುದು ಬಾಗಿಲನ್ನು ತೆರೆಯುವ ಮಾತು. ಒಳಗೆ ಹೋದವನು ಏನನ್ನು ಕಂಡನು, ಏನನ್ನು ಕಾಣದೆ ಬಂದನು ಎಂಬುದಕ್ಕೆ ಅದು ಉತ್ತರವಾಗಲಾರದು. ಐವತ್ತು ವರ್ಷಗಳಿಂದಲೂ ವಾದಿ ಪ್ರತಿವಾದಿಗಳು ಬಾಗಿಲ ಹೊಸ್ತಿಲಲ್ಲಿಯೇ ನಿಂತು ಹೋರಾಡುತ್ತಿದ್ದಾರೆ. ನಮ್ಮ ತಕರಾರು ಹೊಸ್ತಿಲನ್ನು ದಾಟಿದ ಮೇಲಿನದು.

ಮೇಸಲ್ಸ್ ಸೋದರರ ಪದ್ಧತಿಗೆ ‘ಡೈರೆಕ್ಟ್ ಸಿನೆಮಾ’ ಎಂದು ಹೆಸರು. 1960ರ ಸುಮಾರಿಗೆ, ಹೆಗಲ ಮೇಲೆ ಹೊರಬಹುದಾದ ಹಗುರ ಕ್ಯಾಮರಾವೂ, ಅದರೊಡನೆ ಹೊಂದಿಕೊಂಡು ಓಡುವ ಧ್ವನಿಗ್ರಾಹಕ ಯಂತ್ರವೂ ಕೈಗೆ ಬಂದುದರಿಂದ ಇದು ಹುಟ್ಟಿತು. ಅದಕ್ಕೆ ಮುಂಚಿನ ಸಾಕ್ಷ್ಯಚಿತ್ರಗಳಲ್ಲಿ ತೆರೆಯ ಹಿಂದಿನಿಂದ ಒಬ್ಬನು ಗಂಭೀರ ಕಂಠದಲ್ಲಿ ಎಲ್ಲವನ್ನೂ ವಿವರಿಸಿ ಬೋಧಿಸುತ್ತಿದ್ದನು. ಆ ಬೋಧಕನ ಕಾಟದಿಂದ ಪ್ರೇಕ್ಷಕರನ್ನು ಬಿಡಿಸಿದುದು ಈ ಪದ್ಧತಿಯವರ ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಅತಿಯನ್ನು ಬಿಟ್ಟವರು ಇನ್ನೊಂದು ಅತಿಗೆ ಹೋದರು. ವಿವರಣೆ ಕೂಡದು, ಸಂದರ್ಶನ ಕೂಡದು, ಏನನ್ನೂ ಏರ್ಪಡಿಸಕೂಡದು; ಎದುರಿಗೆ ನಡೆಯುವುದನ್ನು ನೋಡುತ್ತಾ ಇರತಕ್ಕದ್ದು. ‘ಗ್ರೇ ಗಾರ್ಡನ್ಸ್’ನಲ್ಲಿ ಈ ವ್ರತವು ಪೂರ್ತಿಯಾಗಿ ನಡೆಯಲಿಲ್ಲ, ನಿಜ, ಸೋದರರ ದನಿಯು ಆಗೊಮ್ಮೆ ಈಗೊಮ್ಮೆ ಕೇಳಿಸುತ್ತದೆ, ಕನ್ನಡಿಯಲ್ಲಿ ಅವರ ಮುಖ ಕಾಣುತ್ತದೆ, ಮಗಳು ಡೇವಿಡನೊಡನೆ ಸರಸದ ಮಾತನ್ನೂ ಆಡುತ್ತಾಳೆ. ಆದರೂ ವ್ರತದ ಮುಖ್ಯ ನಿಯಮವೊಂದು ಉಳಿದೇ ಇತ್ತು: ಕಾರಣವನ್ನು ವಿಚಾರಿಸಲು ಹೊರಗೆ ಹೋಗುವಂತಿಲ್ಲ.

ಈ ವ್ರತವು ಎಲ್ಲೆಡೆಯಲ್ಲಿಯೂ ದೋಷವಾಗುತ್ತದೆಯೆಂದು ನಾವು ಹೇಳುವುದಿಲ್ಲ. ಇದೇ ಸೋದರರು 1969ರಲ್ಲಿ ‘ಸೇಲ್ಸ್‌ಮನ್’ ಎಂಬ ಚಿತ್ರವನ್ನು ಹೊರತಂದಿದ್ದರು. ಬೈಬಲ್ ಗ್ರಂಥವನ್ನು ಮನೆಮನೆಗೂ ಹೊತ್ತು ಮಾರುವ ನಾಲ್ವರ ಕಥೆ ಅದು. ಅಲ್ಲಿ ಯಾರೂ ಏನನ್ನೂ ವಿವರಿಸಬೇಕಾದುದಿಲ್ಲ. ಮಾರುವವನ ಆತುರ, ಕೊಳ್ಳಲಾರದ ಗೃಹಿಣಿಯ ಸಂಕೋಚ, ಮೇಲಧಿಕಾರಿಯ ಬೆದರಿಕೆ, ಇವೆಲ್ಲವೂ ಕ್ಯಾಮರಾದ ಮುಂದೆಯೇ ನಡೆಯುತ್ತವೆ. ಕಾರ್ಯವೂ ಕಾರಣವೂ ಒಂದೇ ಕೋಣೆಯಲ್ಲಿ ಕುಳಿತಿವೆ. ಬಾಗಿಲಿಕ್ಕಿಕೊಂಡ ಮನೆಯ ಸಂಗತಿಯೇ ಬೇರೆ. ಅದು ಬಾಗಿಲಿಕ್ಕಿಕೊಂಡುದಕ್ಕೆ ಕಾರಣವು ಆ ಮನೆಯೊಳಗೆ ಇರುವುದಿಲ್ಲ, ಆ ದಿನದಲ್ಲಿಯೂ ಇರುವುದಿಲ್ಲ. ಅದು ವಕೀಲರ ಕಡತದಲ್ಲಿರುತ್ತದೆ, ತೀರಿಹೋದ ತಂದೆಯ ಉಯಿಲಿನಲ್ಲಿರುತ್ತದೆ, ದೂರದ ಊರಿನಲ್ಲಿ ಸುಖವಾಗಿರುವ ಬಂಧುಗಳ ಮನಸ್ಸಿನಲ್ಲಿರುತ್ತದೆ. ಒಳಗೆ ಕುಳಿತ ಕ್ಯಾಮರಾಕ್ಕೆ ಕಾಣುವುದು ಬೆಕ್ಕು, ಕಸ, ತಲೆವಸ್ತ್ರ, ಹಾಡು ಮಾತ್ರ. ಕಾರಣವಿಲ್ಲದೆ ಕಂಡ ಕಾರ್ಯಕ್ಕೆ ಜನರು ಕೊಡುವ ಹೆಸರು ‘ವಿಚಿತ್ರ’.

ಗ್ರೇ ಗಾರ್ಡನ್ಸಿನ ಹೊರಗೆ ಏನಿತ್ತು? ತಾಯಿಯು ಬೂವಿಯೇ ಎಂಬ ಸಿರಿವಂತ ಮನೆತನದ ಮಗಳು. ಗಂಡ ಫೆಲನ್ ಬೀಲ್ ನ್ಯೂಯಾರ್ಕಿನ ವಕೀಲ. 1931ರಲ್ಲಿ ಗಂಡನು ಅವಳಿಂದ ಬೇರೆಯಾದನು. ಮಕ್ಕಳ ಪೋಷಣೆಗೆಂದು ಹಣ ಬರುತ್ತಿದ್ದಿತು. ಅವಳ ಪಾಲಿಗೆ ಜೀವನಾಂಶವಿರಲಿಲ್ಲ. ಆ ದೊಡ್ಡ ಮನೆಯೊಂದು ಅವಳಿಗೆ ಉಳಿಯಿತು. ಅದನ್ನು ನಡೆಸುವ ವರಮಾನ ಉಳಿಯಲಿಲ್ಲ. 1946ರಲ್ಲಿ ಗಂಡನು ಮೆಕ್ಸಿಕೋ ದೇಶದಲ್ಲಿ ವಿಚ್ಛೇದನವನ್ನು ಪಡೆದು ಬೇರೆ ಮದುವೆಯಾದನು. ಸಂಗೀತದ ಹುಚ್ಚೆಂದೂ, ಮರ್ಯಾದೆಯಿಲ್ಲದ ನಡವಳಿಕೆಯೆಂದೂ ತಂದೆಗೆ ಅವಳ ಮೇಲೆ ಮುನಿಸು. ಅವನ ಉಯಿಲಿನಲ್ಲಿ ಅವಳ ಪಾಲು ಮೊಟಕಾಯಿತು. ಗಂಡುಮಕ್ಕಳಿಬ್ಬರು, ಮನೆಯನ್ನು ಮಾರಿಬಿಡೆಂದರು, ಅವಳು ಮಾರಲೊಲ್ಲೆನೆಂದಳು. ಮಗಳಾದರೋ ನ್ಯೂಯಾರ್ಕಿನಲ್ಲಿ ಹೆಂಗಸರ ವಸತಿಗೃಹವೊಂದರಲ್ಲಿದ್ದು ನಟಿಯಾಗುವ ಕನಸು ಕಾಣುತ್ತಿದ್ದವಳು, 1952ರಲ್ಲಿ ತಾಯಿಯ ಬಳಿಗೆ ಹಿಂದಿರುಗಿದಳು. 1968ರಲ್ಲಿ ಮನೆಗೆ ಕಳ್ಳರು ನುಗ್ಗಿದರು. ಆಮೇಲೆ ಬಾಗಿಲು ಇನ್ನಷ್ಟು ಬಿಗಿಯಾಯಿತು. 1971ರಲ್ಲಿ ಆರೋಗ್ಯ ಇಲಾಖೆಯವರು ಬಂದು ಮನೆಯನ್ನು ಶೋಧಿಸಿ, ವಾಸಕ್ಕೆ ಅಯೋಗ್ಯವೆಂದು ಹೇಳಿ, ಹೊರಹಾಕುವ ಬೆದರಿಕೆ ಹಾಕಿದರು. ಪತ್ರಿಕೆಗಳಲ್ಲಿ ಗುಲ್ಲೆದ್ದಿತು. ಅಧ್ಯಕ್ಷನ ಪತ್ನಿಯಾಗಿದ್ದವಳ ಸೋದರತ್ತೆಯು ಕಸದ ನಡುವೆ ಬಾಳುತ್ತಿರುವಳೆಂದು ದೇಶವೆಲ್ಲಾ ನಕ್ಕಿತು. ಆ ಬಳಿಕ, 1972ರಲ್ಲಿ, ಜಾಕೆಲಿನ್ ಮತ್ತು ಅವಳ ತಂಗಿ ಲೀ ರಾಡ್ಜಿವಿಲ್ ಹಣ ಕೊಟ್ಟು ಮನೆಯನ್ನು ರಿಪೇರಿ ಮಾಡಿಸಿದರು.

ಈ ವರ್ಷಗಳ ಸಾಲನ್ನು ವಾಚಕರು ಇನ್ನೊಮ್ಮೆ ಓದಿಕೊಳ್ಳಬೇಕೆಂದು ಪ್ರಾರ್ಥನೆ. ಇದರಲ್ಲಿ ವಿಚಿತ್ರವಾದುದೇನಿದೆ? ಗಂಡ ಬಿಟ್ಟವಳು, ಕೈಯಲ್ಲಿ ಹಣವಿಲ್ಲದವಳು, ತೌರಿನವರ ಮುನಿಸಿಗೆ ಒಳಗಾದವಳು, ಮನೆಯೊಂದನ್ನು ಬಿಟ್ಟರೆ ಬೇರೆ ಆಸರೆಯಿಲ್ಲದವಳು, ಮದುವೆಯಿಲ್ಲದ ಮಗಳನ್ನು ಹತ್ತಿರವಿಟ್ಟುಕೊಂಡು ಮುಪ್ಪಾದಳು. ಈ ಕಥೆಯು ನಮ್ಮ ಯಾವ ಅಗ್ರಹಾರಕ್ಕೆ, ಯಾವ ಪೇಟೆಗೆ ಹೊಸದು? ಚಿಕ್ಕ ಮನೆಯಲ್ಲಿ ಹೀಗೆ ಬಾಳಿದರೆ ಅದನ್ನು ಬಡತನವೆನ್ನುತ್ತಾರೆ. ದೊಡ್ಡ ಮನೆಯಲ್ಲಿ ಬಾಳಿದುದರಿಂದ ವೈಚಿತ್ರ್ಯವೆಂದರು.

ಚಿತ್ರದಲ್ಲಿ ಇವುಗಳ ಸುಳಿವೇ ಇಲ್ಲವೆನ್ನುವುದು ಅನ್ಯಾಯವಾದೀತು. ಆರಂಭದಲ್ಲಿ ಪತ್ರಿಕೆಗಳ ತುಣುಕುಗಳು ಕಾಣುತ್ತವೆ. ಗಂಡನ ಮಾತು, ತಂದೆಯ ಮಾತು, ತಪ್ಪಿಹೋದ ವರಗಳ ಮಾತು ಜಗಳದ ನಡುವೆ ಚೂರುಚೂರಾಗಿ ಬರುತ್ತವೆ. ಆದರೆ ಹಾಗೆ ಬಂದ ಮಾತು ಮುದುಕಿಯರ ಹಳೆಯ ಗೊಣಗಾಟದಂತೆ ಕೇಳುತ್ತದೆಯೇ ಹೊರತು ಸಂಗತಿಯಾಗಿ ನಿಲ್ಲುವುದಿಲ್ಲ. ಯಾವುದು ನಡೆದದ್ದು, ಯಾವುದು ಕಲ್ಪನೆ ಎಂದು ತಿಳಿಯಲು ಪ್ರೇಕ್ಷಕನಿಗೆ ದಾರಿಯಿಲ್ಲ, ದಾರಿಯಿಲ್ಲದವನು ನಗುತ್ತಾನೆ.

ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ಯಾರು ಎಂಬ ಸವಾಲನ್ನೂ ಇಲ್ಲಿಯೇ ಹಾಕಬೇಕು. ಮೇಸಲ್ಸ್ ಸೋದರರನ್ನು ಆ ಮನೆಗೆ ಕರೆತಂದವಳು ಅದೇ ಲೀ ರಾಡ್ಜಿವಿಲ್. 1972ರ ಬೇಸಗೆಯಲ್ಲಿ ತನ್ನ ಬಾಲ್ಯದ ಈಸ್ಟ್ ಹ್ಯಾಂಪ್ಟನ್ನಿನ ಮೇಲೆ ಒಂದು ಚಿತ್ರವನ್ನು ತೆಗೆಸಬೇಕೆಂದು, ಛಾಯಾಗ್ರಾಹಕ ಪೀಟರ್ ಬಿಯರ್ಡನೊಡನೆ ಕೂಡಿ ಅವಳು ಇವರನ್ನು ಗೊತ್ತುಮಾಡಿದ್ದಳು. ಸೋದರರಿಗೆ ಲೀಯ ಬಾಲ್ಯಕ್ಕಿಂತ ಅತ್ತೆಯೂ ಅತ್ತೆಯ ಮಗಳೂ ಹೆಚ್ಚು ರುಚಿಸಿದರು. ಆ ಮೊದಲ ಚಿತ್ರವು ಅಲ್ಲಿಗೇ ನಿಂತು, ಅದರ ಸುರುಳಿಗಳು 2017ರಲ್ಲಿ ‘ದಟ್ ಸಮ್ಮರ್’ ಎಂಬ ಬೇರೆ ಚಿತ್ರದಲ್ಲಿ ಬೆಳಕನ್ನು ಕಂಡವು. ಸಿರಿವಂತ ಬಂಧುಗಳು ತೆರೆಸಿಕೊಟ್ಟ ಬಾಗಿಲಿನಿಂದ ಒಳಹೊಕ್ಕವರು, ಆ ಬಂಧುಗಳನ್ನೇ ಕಾಣಿಸದ ಚಿತ್ರವನ್ನು ತೆಗೆದರು. ನಲವತ್ತು ವರ್ಷ ನೀವೆಲ್ಲಾ ಎಲ್ಲಿದ್ದಿರಿ, ಪತ್ರಿಕೆಯಲ್ಲಿ ಅಚ್ಚಾಗುವವರೆಗೆ ಈ ಮನೆಯ ಸೂರು ನಿಮ್ಮ ಕಣ್ಣಿಗೆ ಬೀಳಲಿಲ್ಲವೇಕೆ ಎಂದು ‘ಗ್ರೇ ಗಾರ್ಡನ್ಸ್’ನಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ.

ತಲೆವಸ್ತ್ರದ ಮಾತೊಂದಿದೆ. ಕಿರಿಯ ಈಡಿಗೆ ನಡುಹರೆಯದಲ್ಲಿ ರೋಗದಿಂದ ತಲೆಗೂದಲು ಉದುರಿಹೋಯಿತು. ಅದಕ್ಕಾಗಿ ಅವಳು ತಲೆಯನ್ನು ಮುಚ್ಚಿಕೊಳ್ಳುತ್ತಿದ್ದಳು. ಅಂಗಿಯೋ ಒರಸುವ ಬಟ್ಟೆಯೋ ಕೈಗೆ ಸಿಕ್ಕಿದ್ದನ್ನು ಸುತ್ತಿ, ಪದಕ ಸಿಕ್ಕಿಸಿ, ಕೊರತೆಯನ್ನೇ ಅಲಂಕಾರವಾಗಿ ಮಾಡಿಕೊಂಡಳು. ಎಷ್ಟು ಘನವಾದ ಛಲವದು! ಚಿತ್ರವು ಈ ಸಂಗತಿಯನ್ನು ಬಿಡಿಸಿ ಹೇಳುವುದಿಲ್ಲ. ಆಮೇಲೆ ನಡೆದುದು ಲೋಕಪ್ರಸಿದ್ಧ. ಉಡುಪಿನ ವ್ಯಾಪಾರಿಗಳು ಆ ತಲೆವಸ್ತ್ರವನ್ನು ಷೋಕಿಯ ಮಾದರಿಯಾಗಿ ಎತ್ತಿಕೊಂಡರು. ವೇಷದ ಕೂಟಗಳಲ್ಲಿ ಜನರು ಅವಳ ವೇಷ ಹಾಕಿದರು. 2006ರಲ್ಲಿ ಬ್ರಾಡ್‌ವೇಯ ರಂಗಕ್ಕೆ ಗೀತನಾಟಕವಾಗಿ ಬಂದು, ಮರುವರ್ಷ ತಾಯಿ ಮಗಳ ಪಾತ್ರಗಳನ್ನು ವಹಿಸಿದ ನಟಿಯರಿಬ್ಬರಿಗೂ ಟೋನಿ ಪ್ರಶಸ್ತಿ ದೊರೆಯಿತು. 2009ರಲ್ಲಿ ಜೆಸ್ಸಿಕಾ ಲ್ಯಾಂಗ್, ಡ್ರೂ ಬ್ಯಾರಿಮೋರ್ ನಟಿಸಿದ ಕಥಾಚಿತ್ರ ಬಂದಿತು. ನಾಟಕದವರನ್ನೂ ಕಥಾಚಿತ್ರದವರನ್ನೂ ನಾವು ದೂರುವುದಿಲ್ಲ. ಹಿಂದಣ ವರ್ಷಗಳನ್ನು, ಗಂಡನನ್ನು, ತಂದೆಯನ್ನು ಅವರು ರಂಗಕ್ಕೆ ತಂದರು. ಸಾಕ್ಷ್ಯವೆಂದು ಹೆಸರು ಹೊತ್ತದ್ದು ಬಿಟ್ಟುದನ್ನು ಕಟ್ಟುಕಥೆಯು ತುಂಬಬೇಕಾಗಿ ಬಂದಿತು!

ಇಲ್ಲಿಗೆ ಕಲಾಭಿಮಾನಿಗಳು ಎದ್ದು ನಿಲ್ಲುತ್ತಾರೆ. ಕಲೆಯು ನ್ಯಾಯಸ್ಥಾನವಲ್ಲ, ತಾಯಿ ಮಗಳ ಸಂಬಂಧವೆಂಬ ಮಹಾ ವಿಷಯವನ್ನು ಹಿಡಿದ ಚಿತ್ರದಲ್ಲಿ ಜೀವನಾಂಶದ ಲೆಕ್ಕವನ್ನು ಹುಡುಕುವುದು ಅರಸಿಕತನ, ಎನ್ನುತ್ತಾರೆ. ತಾಯಿ ಮಗಳ ಸಂಬಂಧವು ಆ ಚಿತ್ರದಲ್ಲಿ ಅತ್ಯಂತ ಶಕ್ತಿಯುತವಾಗಿ ಬಂದಿದೆಯೆಂಬುದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ಅದಕ್ಕೆ ಕಾರಣವನ್ನೂ ಹೇಳುತ್ತೇವೆ: ಆ ಜಗಳಗಳಲ್ಲಿ ಒಬ್ಬಳು ಇನ್ನೊಬ್ಬಳಿಗೆ ಪಾಟೀಸವಾಲು ಹಾಕುತ್ತಾಳೆ. ನೀನು ಏಕೆ ಬಂದೆ, ನೀನೇ ಕರೆದೆ, ನಾನು ಕರೆಯಲಿಲ್ಲ, ಆ ವರನನ್ನು ಓಡಿಸಿದವರಾರು ಎಂದು ಇಬ್ಬರೂ ಒಬ್ಬರನ್ನೊಬ್ಬರು ಬಿಡದೆ ಕೇಳುತ್ತಾರೆ. ಇಡೀ ಚಿತ್ರದಲ್ಲಿ ವಿಚಾರಣೆಯೆಂಬುದು ನಡೆದಿದ್ದರೆ ಅದನ್ನು ನಡೆಸಿದವರು ಆ ಇಬ್ಬರು ಹೆಂಗಸರೇ. ಚಿತ್ರಕಾರರು ಆ ಬಿಸಿಯಲ್ಲಿ ಕೈ ಕಾಯಿಸಿಕೊಂಡರು.

ಇನ್ನು, ಇದ್ದುದನ್ನು ಇದ್ದಂತೆಯೇ ತೋರಿಸಿದ್ದೇವೆ, ನಾವು ಏನನ್ನೂ ಸೇರಿಸಲಿಲ್ಲವೆಂಬ ವಾದ. ವಾರಗಟ್ಟಲೆ ತೆಗೆದ ಸುರುಳಿಗಳಿಂದ ಒಂದೂವರೆ ಗಂಟೆಯ ಚಿತ್ರವು ತಾನಾಗಿ ಉದುರುವುದಿಲ್ಲ. ಹೋವ್ಡ್, ಮೇಯರ್ ಇವರ ಹೆಸರುಗಳು ನಿರ್ದೇಶಕರ ಸಾಲಿನಲ್ಲಿಯೇ ಬಂದಿರುವುದು, ಚಿತ್ರವು ಕತ್ತರಿಯಲ್ಲಿ ಹುಟ್ಟಿತೆಂಬುದಕ್ಕೆ ಸಾಕಷ್ಟು ಪ್ರಮಾಣ. ಉಳಿದ ಸುರುಳಿಗಳಿಂದ 2006ರಲ್ಲಿ ಇನ್ನೊಂದು ಪೂರ್ಣ ಚಿತ್ರವನ್ನೇ ಮಾಡಲು ಸಾಧ್ಯವಾಯಿತು. ಆರಿಸಿದವರು ಆರಿಸಿದುದಕ್ಕೆ ಹೊಣೆ.

ಕಲೆಗೂ ಪಾಟೀಸವಾಲಿಗೂ ವಿರೋಧವೆಂಬುದು ಬರಿಯ ಕಲ್ಪನೆ. ಮೇಲೆ ಹೇಳಿದ ‘ಸೈಟ್ ಅಂಡ್ ಸೌಂಡ್’ ಪಟ್ಟಿಯಲ್ಲಿಯೇ, ಐದನೆಯ ಸ್ಥಾನದಲ್ಲಿ, ಎರಲ್ ಮಾರಿಸ್ ಎಂಬವರ ‘ದಿ ಥಿನ್ ಬ್ಲೂ ಲೈನ್’ ಇದೆ. ಟೆಕ್ಸಾಸ್ ಸಂಸ್ಥಾನದ ಡಲ್ಲಾಸ್ ನಗರದಲ್ಲಿ ಪೋಲೀಸಿನವನೊಬ್ಬನ ಕೊಲೆಗಾಗಿ ಸೆರೆಯಲ್ಲಿದ್ದ ಮನುಷ್ಯನ ಕಥೆ ಅದು. ಮಾರಿಸ್ ಸುಮ್ಮನೆ ಕುಳಿತು ನೋಡಲಿಲ್ಲ. ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕ್ಯಾಮರಾದ ಮುಂದೆ ಕೂರಿಸಿ ಕೇಳಿದರು, ಅವರು ಹೇಳಿದುದನ್ನು ಹೇಳಿದ ಹಾಗೆ ಮತ್ತೆ ಮತ್ತೆ ನಟಿಸಿ ತೋರಿಸಿ ಒಡಕುಗಳನ್ನು ಬಯಲಿಗೆಳೆದರು. ಚಿತ್ರವು 1988ರಲ್ಲಿ ಬಂದಿತು. 1989ರಲ್ಲಿ ಆ ಮನುಷ್ಯನು ಬಿಡುಗಡೆಯಾದನು. ಚಿತ್ರದ ಸೌಂದರ್ಯಕ್ಕೆ ಇದರಿಂದ ಕುಂದೇನೂ ಆಗಲಿಲ್ಲವೆಂದು ಮತ ಕೊಟ್ಟವರೇ ಹೇಳಿದಂತಾಯಿತಲ್ಲ.

ಗ್ರೇ ಗಾರ್ಡನ್ಸಿನವರು ಬೆಳೆದು ಮುಪ್ಪಾದವರು. ತಮ್ಮ ಮಾತನ್ನು ತಾವು ಆಡಬಲ್ಲವರು. ಇದೇ ಪದ್ಧತಿಯು ಮಕ್ಕಳಿರುವ ಮನೆಗೆ ಹೋದಾಗ ದೋಷವು ಇಮ್ಮಡಿಯಾಗುತ್ತದೆ. 2015ರಲ್ಲಿ ಕ್ರಿಸ್ಟಲ್ ಮೊಸೆಲ್ ಎಂಬಾಕೆಯ ‘ದಿ ವುಲ್ಫ್‌ಪ್ಯಾಕ್’ ಚಿತ್ರಕ್ಕೆ ಸನ್‌ಡ್ಯಾನ್ಸ್ ಉತ್ಸವದಲ್ಲಿ ತೀರ್ಪುಗಾರರ ಅತ್ಯುಚ್ಚ ಬಹುಮಾನವು ದೊರೆಯಿತು. ನ್ಯೂಯಾರ್ಕ್ ನಗರದ ನಡುವೆಯೇ, ಬಾಡಿಗೆಯ ಮನೆಯೊಂದರಲ್ಲಿ, ತಂದೆಯು ಆರು ಮಂದಿ ಗಂಡುಮಕ್ಕಳನ್ನೂ ಒಬ್ಬ ಮಗಳನ್ನೂ ವರ್ಷಗಟ್ಟಲೆ ಹೊರಗೆ ಬಿಡದೆ ಸಾಕಿದ ಕಥೆ. ಆ ಹುಡುಗರು ಲೋಕವನ್ನು ಕಂಡುದು ಚಲನಚಿತ್ರಗಳಲ್ಲಿ ಮಾತ್ರ. ಕಂಡ ಚಿತ್ರಗಳನ್ನು ರಟ್ಟು ಚಾಪೆಗಳಿಂದ ವೇಷ ಕಟ್ಟಿಕೊಂಡು ಮನೆಯೊಳಗೇ ಆಡಿದರು. ಆಟವು ಅತಿ ಮನೋಹರವಾಗಿದೆ. ಚಿತ್ರವು ಆ ಮನೋಹರತೆಗೆ ಮಾರುಹೋಗಿದೆ. ತಂದೆಯೂ ಒಮ್ಮೆ ಕ್ಯಾಮರಾದ ಮುಂದೆ ಬಂದು ಅಸ್ಪಷ್ಟವಾಗಿ ನಾಲ್ಕು ಮಾತನ್ನಾಡಿ ಹೋಗುತ್ತಾನೆ. ಅಷ್ಟು ದೊಡ್ಡ ನಗರದಲ್ಲಿ ಏಳು ಮಕ್ಕಳು ಕಾಣದಿರುವುದನ್ನು ನೆರೆಯವರು, ಅಧಿಕಾರಿಗಳು, ವೈದ್ಯರು ಯಾರೂ ಗಮನಿಸಲಿಲ್ಲವೆ ಎಂಬ ಪ್ರಶ್ನೆಯ ಕಡೆಗೆ ಚಿತ್ರವು ಮುಖ ತಿರುಗಿಸುವುದೇ ಇಲ್ಲ. ಮಗಳಂತೂ ತೆರೆಯ ಮೇಲೆ ಇದ್ದೂ ಇಲ್ಲದಂತಿದ್ದಾಳೆ. ಮಕ್ಕಳ ಸೆರೆಯು ಸೊಗಸಾದ ಕಥೆಯಾಯಿತು.

ಪರದೇಶದ ಮಾತು ಸಾಕು, ನಮ್ಮ ದೇಶದ್ದೊಂದನ್ನು ಹೇಳೋಣ. ಇದು ಚಲನಚಿತ್ರದ ಸಂಗತಿಯಲ್ಲ, ಪತ್ರಿಕೋದ್ಯೋಗದ್ದು. ಆದರೆ ಕೇಳುವುದರಿಂದ ಏನಾಗುತ್ತದೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ನಮಗೆ ಗೊತ್ತಿಲ್ಲ. ಬೇಗಂ ವಿಲಾಯತ್ ಮಹಲ್ ಎಂಬ ಹೆಂಗಸು ತಾನು ಅವಧದ ನವಾಬರ ವಂಶದವಳೆಂದೂ, ಕಸಿದುಕೊಂಡ ಅರಮನೆಗಳನ್ನು ಹಿಂದಿರುಗಿಸಬೇಕೆಂದೂ ಹಟ ಹಿಡಿದು, ಮಗ ಮಗಳು ನಾಯಿಗಳೊಡನೆ ಹೊಸ ದಿಲ್ಲಿಯ ರೈಲು ನಿಲ್ದಾಣದಲ್ಲಿ ಸುಮಾರು ಹತ್ತು ವರ್ಷ ಬೀಡುಬಿಟ್ಟಿದ್ದಳು. 1985ರಲ್ಲಿ ಸರ್ಕಾರವು ಕಾಡಿನ ನಡುವಣ ಮಾಲ್ಚಾ ಮಹಲ್ ಎಂಬ ಹಳೆಯ ಬೇಟೆಯ ಮನೆಯನ್ನು ಕೊಟ್ಟಿತು. ನೀರಿಲ್ಲ, ದೀಪವಿಲ್ಲ, ಬಾಗಿಲುಗಳೂ ಇಲ್ಲ. 1993ರಲ್ಲಿ ಅವಳು ತೀರಿಕೊಂಡಳು. ಮಕ್ಕಳು ಅಲ್ಲಿಯೇ ಉಳಿದರು. ವಿದೇಶದ ಪತ್ರಕರ್ತರು ಬರುತ್ತಿದ್ದರು. ಕಾಡಿನ ರಾಜಕುಮಾರನ ವೈಚಿತ್ರ್ಯವನ್ನು ವರ್ಣಿಸಿ ಬರೆದುಹೋಗುತ್ತಿದ್ದರು. 2017ರಲ್ಲಿ ಮಗನೂ ಒಂಟಿಯಾಗಿ ತೀರಿಕೊಂಡನು. ಆ ಬಳಿಕ ಎಲೆನ್ ಬ್ಯಾರಿ ಎಂಬ ಪತ್ರಕರ್ತೆಯು, ಇವರಿಗೆ ಹಣ ಬರುತ್ತಿದ್ದುದೆಲ್ಲಿಂದ ಎಂಬ ಒಂದು ಒಣ ಪ್ರಶ್ನೆಯ ಎಳೆಯನ್ನು ಹಿಡಿದು ಹೊರಟಳು. ಎಳೆಯು ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ನಗರಕ್ಕೆ, ಅವರ ಹಿರಿಯ ಸೋದರನ ಸಾಧಾರಣವಾದ ಮನೆಗೆ ಕರೆದೊಯ್ಯಿತು. 2019ರಲ್ಲಿ ಅವಳು ಬರೆದ ವರದಿಯಿಂದ ತಿಳಿದುದಿಷ್ಟು: ಅವರು ನವಾಬರ ವಂಶದವರಲ್ಲ. ಆ ಬೇಗಮಳ ಗಂಡನು ಲಖನೌ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದವನು. ದೇಶವಿಭಜನೆಯ ಕಾಲದಲ್ಲಿ ಕುಟುಂಬವು ಪಾಕಿಸ್ತಾನಕ್ಕೆ ಹೋಯಿತು. ಅಲ್ಲಿ ಅವಳನ್ನು ಹುಚ್ಚಾಸ್ಪತ್ರೆಗೆ ಹಾಕಿದ್ದರು. ಕಳೆದುಹೋದ ಮನೆಯ ದುಃಖವು ಕಳೆದುಹೋದ ಅರಮನೆಯಾಗಿ ಬೆಳೆದಿತ್ತು. ರಾಜಕುಮಾರನು ಮರೆಯಾದನು, ದೇಶವಿಭಜನೆಯು ಮನೆ ಕಳೆದ ಲಕ್ಷಾಂತರ ಕುಟುಂಬಗಳಲ್ಲಿ ಒಂದು ಕಾಣಿಸಿತು. ಇಲ್ಲಿ ಕೌತುಕವು ಕಡಮೆಯಾಯಿತೆಂದು ಯಾರಾದರೂ ಕೊರಗಬಹುದು. ನಮಗಂತೂ ಆ ಹೆಂಗಸು ಮನುಷ್ಯಳಾಗಿ ಕಂಡುದು ಆಗಲೇ.

ನಮ್ಮ ಊರುಗಳಲ್ಲಿ ಇಂಥ ಮನೆಗಳಿಗೆ ಬರವಿಲ್ಲ. ಹಗಲೂ ಅಗುಳಿ ಹಾಕಿದ ಬಾಗಿಲು, ಹಿತ್ತಲಲ್ಲಿ ಆಳೆತ್ತರದ ಗಿಡ, ವರ್ಷಕ್ಕೊಮ್ಮೆ ಕಾಣಿಸುವ ಒಬ್ಬ ವೃದ್ಧೆ. ‘ಆ ಮನೆಯವರು ಸ್ವಲ್ಪ ಒಂದು ಥರ’ ಎಂದು ಬೀದಿಯವರೆಲ್ಲಾ ತಲೆಯಾಡಿಸುತ್ತಾರೆ. ಪಾಲಿನ ವ್ಯಾಜ್ಯದಲ್ಲಿ ಆ ಮನೆಯವರಿಗೆ ಏನಾಯಿತೆಂಬುದು ಅದೇ ಬೀದಿಯ ಹಿರಿಯರಿಗೆ ಚೆನ್ನಾಗಿ ಗೊತ್ತಿದ್ದರೂ ಅವರು ಬಾಯಿ ಬಿಡುವುದಿಲ್ಲ. ಈಗ ಪ್ರತಿಯೊಬ್ಬ ತರುಣನ ಜೇಬಿನಲ್ಲಿಯೂ ಒಂದು ಕ್ಯಾಮರಾ ಇದೆ. ಆ ಬಾಗಿಲನ್ನು ತಟ್ಟಬೇಡಿರೆಂದು ನಾವು ಹೇಳುವುದಿಲ್ಲ. ತಟ್ಟುವ ಮುಂಚೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಪಾಲುಪತ್ರವನ್ನು ಓದಿರಿ, ಜೀವನಾಂಶದ ದಾವೆ ನಡೆದಿತ್ತೆ ಎಂದು ಕೋರ್ಟಿನಲ್ಲಿ ವಿಚಾರಿಸಿರಿ, ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳಿಗೆ ಬರೆದು ಕೇಳಿರಿ ಎನ್ನುತ್ತೇವೆ. ಆ ಮಕ್ಕಳು ಉತ್ತರ ಕೊಡದಿದ್ದರೆ, ಕೊಡಲಿಲ್ಲವೆಂಬುದೂ ಚಿತ್ರದಲ್ಲಿ ಬರಲಿ.

ಕಿರಿಯ ಈಡಿಯ ಕಥೆಯಲ್ಲಿ ಒಂದು ಭಾಗವನ್ನು ಇನ್ನೂ ಹೇಳಲಿಲ್ಲ. ಚಿತ್ರವನ್ನು ನೋಡಿದವರು ಅವಳನ್ನು ಆ ಮನೆಯನ್ನು ಬಿಟ್ಟು ಬದುಕಲಾರದ ಜೀವವೆಂದೇ ಎಣಿಸುತ್ತಾರೆ. ಚಿತ್ರದ ಕೊನೆಯಲ್ಲಿ ಅವಳು ಒಬ್ಬಳೇ ಕೆಳಗಿನ ಹಜಾರದಲ್ಲಿ ಕುಣಿಯುತ್ತಿರುವುದು ಮೆಟ್ಟಿಲ ಕಟಾಂಜನದ ಸಂದಿಯಿಂದ, ಪಂಜರದೊಳಗಿನ ಹಕ್ಕಿಯಂತೆ ಕಾಣುತ್ತದೆ. 1977ರ ಫೆಬ್ರವರಿಯಲ್ಲಿ ತಾಯಿ ತೀರಿಕೊಂಡಳು. 1978ರ ಜನವರಿಯಲ್ಲಿ, ಅರುವತ್ತು ತುಂಬಿದ ಮಗಳು ನ್ಯೂಯಾರ್ಕಿನ ಒಂದು ನೈಟ್‌ಕ್ಲಬ್ಬಿನ ವೇದಿಕೆಯನ್ನೇರಿ ಹಾಡಿ ಕುಣಿದಳು. 1979ರಲ್ಲಿ ಮನೆಯನ್ನು, ಕೆಡವಬಾರದೆಂಬ ಷರತ್ತಿನ ಮೇಲೆ, 2,20,000 ಡಾಲರುಗಳಿಗೆ ಮಾರಿದಳು. ಕ್ರಯದ ಹಣವು ಅವಳದಾಯಿತು. ಅವಳು ಅಲ್ಲಿಂದ ಹೊರಟುಹೋಗಿ, ಊರಿಂದೂರಿಗೆ ನೆಲೆ ಬದಲಾಯಿಸುತ್ತಾ, ಕಡೆಗೆ ಫ್ಲಾರಿಡಾ ಸಂಸ್ಥಾನದ ಕಡಲ ತೀರದಲ್ಲಿ ಬಾಡಿಗೆಯ ಮನೆ ಹಿಡಿದು, 2002ರವರೆಗೆ ಬದುಕಿದ್ದಳು.